ಎಂಟು ಸೇರಿಸಿ ಓದಿಕೊಳ್ಳಿ

ಫೆಬ್ರವರಿ 4

ನಮ್ಮ ಮನೆಯ ಹೆಸರು ಕೊನೆಗೂ ಪತ್ರಿಕೆಯ ಮುಖಪುಟಕ್ಕೆ ಬಂತು. ಬಂದದ್ದು ವಿಜ್ಞಾನಿಯಾದ ನನ್ನಿಂದಲ್ಲ, ಓಟಗಾರ್ತಿಯಾದ ತಂಗಿ ಚಿಕ್ಕಿಯಿಂದ; ಒಳ್ಳೆಯದಕ್ಕಲ್ಲ, ಕೆಟ್ಟದ್ದಕ್ಕೆ. ಚಿಕ್ಕಿಯನ್ನು ತಂಡದಿಂದ ಅಮಾನತು ಮಾಡಿದ್ದಾರೆ. ಅವಳ ರಕ್ತದಲ್ಲಿ ಕೆಂಪು ಕಣ ಇರಬೇಕಾದ್ದಕ್ಕಿಂತ ಬಹಳ ಹೆಚ್ಚಿದೆಯಂತೆ. ಕದ್ದು ಸೂಜಿಮದ್ದು ಚುಚ್ಚಿಸಿಕೊಂಡು ಕಣ ಹೆಚ್ಚಿಸಿಕೊಳ್ಳುವ ಓಟಗಾರರು ಇದ್ದಾರೆ; ಇವಳೂ ಆ ಪೈಕಿ ಎಂದು ಸಮಿತಿಯ ಗುಮಾನಿ. ಏಪ್ರಿಲ್‌ನಲ್ಲಿ ವಿಚಾರಣೆ. ತಪ್ಪಿಲ್ಲವೆಂದು ತೋರಿಸದಿದ್ದರೆ ನಾಲ್ಕು ವರ್ಷ ನಿಷೇಧ. ಅವಳಿಗೀಗ ಇಪ್ಪತ್ತೆಂಟು. ನಾಲ್ಕು ವರ್ಷ ಕೂತರೆ ಮತ್ತೆ ಏಳುವುದು ಊಟಕ್ಕೆ ಮಾತ್ರ.

ಅಮ್ಮನ ಫೋನು. "ಹಿಮೋಗ್ಲೋಬಿನ್ ಹಿಮೋಗ್ಲೋಬಿನ್ ಅಂತ ಇಷ್ಟು ವರ್ಷ ನಮ್ಮ ತಲೆ ತಿಂದೆಯಲ್ಲ, ಅದರಿಂದ ಮನೆಗೇನಾದ್ರೂ ಉಪಯೋಗ ಇದೆಯಾ ನೋಡೋಣ."

ಹತ್ತು ಸಾವಿರ ಮೀಟರ್ ಓಟವೆಂದರೆ ಒಂದೇ ಮೈದಾನವನ್ನು ಇಪ್ಪತ್ತೈದು ಸಲ ಸುತ್ತುವುದು. ಹೊರಟಲ್ಲಿಗೇ ವಾಪಸು ಬರಲು ಇಷ್ಟು ಅವಸರವೇಕೆ ಎಂದು ನಾನು ಅವಳನ್ನು ಮೊದಲಿನಿಂದಲೂ ಕೇಳುತ್ತಿದ್ದೇನೆ. ಅವಳ ಒಂದು ಓಟವನ್ನೂ ಪೂರ್ತಿ ನೋಡಿಲ್ಲ. ಪುರುಸೊತ್ತು ಸಿಕ್ಕಿಲ್ಲ ಎಂದು ಬರೆದುಕೊಳ್ಳುತ್ತೇನೆ. ದಿನಚರಿಗೆ ಎದುರು ಮಾತಾಡುವ ಅಭ್ಯಾಸವಿಲ್ಲ.

ಫೆಬ್ರವರಿ 7

ಚಿಕ್ಕಿ ಲ್ಯಾಬಿಗೆ ಬಂದಳು. ತಲೆಗೆ ಟೋಪಿ, ಕಣ್ಣಿಗೆ ಕಪ್ಪು ಕನ್ನಡಕ. ಕಳ್ಳಿ ಅಂತ ಯಾರೂ ಅನ್ನಬಾರದೆಂದು ಕಳ್ಳಿಯ ಹಾಗೇ ಬಂದಿದ್ದಳು.

"ಲಿಫ್ಟ್ ಕೆಟ್ಟಿದೆ. ಹೇಗೆ ಬಂದೆ?"

"ಮೆಟ್ಟಿಲಿತ್ತಲ್ಲ. ಐದು ಮಹಡಿ ತಾನೆ."

"ನನ್ನೆದುರು ಐದು ಮಹಡಿಗೆ 'ತಾನೆ' ಸೇರಿಸ್ಬೇಡ. ಕೈ ಚಾಚು."

ಸೂಜಿ ಕಂಡು ಮುಖ ತಿರುಗಿಸಿದಳು. ಸೂಜಿ ಚುಚ್ಚಿಸಿಕೊಂಡ ಆರೋಪ ಹೊತ್ತವಳು ಇವಳು!

"ಅಕ್ಕ, ನೀನೇನು ಹುಡುಕ್ತೀಯ?"

"ಹಿಮೋಗ್ಲೋಬಿನ್ ಅಂದ್ರೆ ಬಸ್ಸು ಅಂದ್ಕೋ. ಶ್ವಾಸಕೋಶದಲ್ಲಿ ಆಮ್ಲಜನಕ ಹತ್ತಿಸ್ಕೊಂಡು ಸ್ನಾಯುವಿನ ಹತ್ರ ಇಳಿಸಬೇಕು. ಕೆಲವರ ಮೈಯಲ್ಲಿ ಅದು ಹತ್ತಿಸ್ಕೊಳ್ಳುತ್ತೆ, ಸರಿಯಾಗಿ ಇಳಿಸೋಲ್ಲ. ಬಾಗಿಲು ಬಿಗಿ."

"ಆಮೇಲೆ?"

"ಆಮ್ಲಜನಕ ಸಾಲದು ಅಂತ ಮೈ ಇನ್ನಷ್ಟು ಬಸ್ಸು ಬಿಡುತ್ತೆ. ಕೆಂಪು ಕಣ ಹೆಚ್ಚಾಗುತ್ತೆ. ಹುಟ್ಟಿನಿಂದ ಬರೋದು, ಯಾರ ತಪ್ಪೂ ಅಲ್ಲ. ಆಸ್ಪತ್ರೆಯ ಮಾಮೂಲಿ ಪರೀಕ್ಷೆಗೆ ಸಿಗದೇನೂ ಇರಬಹುದು. ನಿಂದು ಅಂಥದ್ದಾಗಿದ್ರೆ ನೀನು ಪಾರು."

"ಆಗಿಲ್ದಿದ್ರೆ?"

ನಾನು ಸೀಸೆಯ ಮೇಲೆ ಅವಳ ಹೆಸರು ಬರೆಯುವುದರಲ್ಲಿ ಮಗ್ನಳಾದೆ.

ಎರಡು ಪರೀಕ್ಷೆ ಮಾಡಬೇಕು. ಒಂದು, ಅವಳ ಹಿಮೋಗ್ಲೋಬಿನ್ ಆಮ್ಲಜನಕವನ್ನು ಎಷ್ಟು ಬಿಗಿಯಾಗಿ ಹಿಡಿಯುತ್ತದೆ ಎಂದು ಯಂತ್ರದಲ್ಲಿ ಅಳೆಯುವುದು. ಇನ್ನೊಂದು, ಅದನ್ನು ಹರಳುಗಟ್ಟಿಸಿ, ಎಕ್ಸ್-ರೇ ಹಾಯಿಸಿ, ಅಣುವಿನ ಅಂಗಾಂಗಗಳ ನಕ್ಷೆ ತೆಗೆಯುವುದು. ಎರಡರಲ್ಲೂ ಪಕ್ಕಕ್ಕಿಟ್ಟು ಹೋಲಿಸಲು ಒಬ್ಬ ಆರೋಗ್ಯವಂತರ ರಕ್ತ ಬೇಕು. ನಮ್ಮ ಲ್ಯಾಬಿನ ಆರೋಗ್ಯವಂತೆ ಹನ್ನೊಂದು ವರ್ಷಗಳಿಂದ ನಾನೇ. ಒಂದೇ ಸೀಸೆಯಲ್ಲಿ ರಾಶಿ ಪ್ರೋಟೀನು, ಮಾಣಿಕ್ಯದಂಥ ಹರಳು. "ನಿಮ್ಮ ರಕ್ತ ಭಾರಿ ಧಾರಾಳ ಮೇಡಂ" ಎನ್ನುತ್ತಾಳೆ ಸಹಾಯಕಿ. ಒತ್ತು 'ರಕ್ತ'ದ ಮೇಲೆ.

ಫೆಬ್ರವರಿ 12

ಯಂತ್ರ ಚಿಕ್ಕಿಗೆ ಹದಿನೆಂಟು ತೋರಿಸಿತು. ಅಂಕೆ ಇಳಿದಷ್ಟೂ ಹಿಡಿತ ಬಿಗಿ. ಪುಸ್ತಕದ ಪ್ರಕಾರ ಆರೋಗ್ಯವಂತರದು ಇಪ್ಪತ್ತಾರು. ಒಂದು ಗಳಿಗೆ ಚಿಕ್ಕಿ ಪಾರಾದಳು ಅಂದುಕೊಂಡೆ. ಆಮೇಲೆ ಯಂತ್ರದ ಹಣೆಯ ಮೇಲಿನ ಚೀಟಿ ನೆನಪಾಯಿತು, ನನ್ನದೇ ಕೈಬರಹ: 'ಎಂಟು ಸೇರಿಸಿ ಓದಿಕೊಳ್ಳಿ.' ಈ ಯಂತ್ರ ಬಂದ ದಿನದಿಂದಲೂ ಹಾಗೆ. ಇಪ್ಪತ್ತಾರು ಬರಬೇಕಾದಲ್ಲಿ ಹದಿನೆಂಟು ಹೇಳುತ್ತದೆ. ಇನ್ನೊಬ್ಬರು ಬಳಸಿ ಬಿಟ್ಟದ್ದು, ಸೊಂಟ ಸ್ವಲ್ಪ ಹಿಡಿದಿರಬೇಕು.

ಹದಿನೆಂಟಕ್ಕೆ ಎಂಟು ಸೇರಿದರೆ ಇಪ್ಪತ್ತಾರು. ಅಚ್ಚುಕಟ್ಟಾಗಿ ಆರೋಗ್ಯವಂತೆ. ಇಷ್ಟೊಂದು ಆರೋಗ್ಯ ಅವಳಿಗೆ ಬೇಕಿರಲಿಲ್ಲ.

ಹರಳು ಬರಲಿ. ಯಂತ್ರಕ್ಕೆ ಕಾಣದ್ದು ನಕ್ಷೆಯಲ್ಲಿ ಕಾಣಬಹುದು.

ಫೆಬ್ರವರಿ 26

ಅವಳ ಹರಳುಗಳು ಚೆನ್ನಾಗಿ ಬಂದವು, ನನ್ನವುಗಳಷ್ಟೇ ಚೆನ್ನಾಗಿ. ಅವಳ ನಕ್ಷೆಯಿಂದ ನನ್ನ ನಕ್ಷೆ ಕಳೆದರೆ ಉಳಿಯುವುದೇ ವ್ಯತ್ಯಾಸ. ಎಲ್ಲಿ ಒಂದು ಅಮೈನೋ ಆಮ್ಲ ಅದಲುಬದಲಾಗಿದೆಯೋ ಅಲ್ಲಿ ಉಬ್ಬು ಕಾಣಬೇಕು. ಬೆಳಿಗ್ಗೆಯಿಂದ ಪರದೆಯ ಮುಂದೆ ಕೂತಿದ್ದೇನೆ. ಉಬ್ಬಿಲ್ಲ, ತಗ್ಗಿಲ್ಲ. ಇಸ್ತ್ರಿ ಮಾಡಿದ ಮಂಚದ ಹಾಸಿನ ಹಾಗಿದೆ.

ಹುಟ್ಟಿನಿಂದ ಬಂದದ್ದಲ್ಲ ಎಂದ ಮೇಲೆ ಉಳಿದದ್ದು ಒಂದೇ.

ಫೆಬ್ರವರಿ 27

ಹೋಗಬಾರದಿತ್ತು. ಹೋದೆ. ಅವಳು ಮನೆಯ ಹಿಂದೆ ಒಗೆದ ಬಟ್ಟೆ ಹರವುತ್ತಿದ್ದಳು.

"ನಿನ್ನ ಹಿಮೋಗ್ಲೋಬಿನ್‌ನಲ್ಲಿ ಏನೂ ದೋಷ ಇಲ್ಲ" ಎಂದೆ.

"ಅಂದ್ರೆ?"

"ಅಂದ್ರೆ ಕಣ ಹೆಚ್ಚಾಗೋಕೆ ಬೇರೆ ಕಾರಣ ಇರಬೇಕು. ನೋಡು ಚಿಕ್ಕಿ, ನನ್ನ ಹತ್ರಾನಾದ್ರೂ ನಿಜ ಹೇಳು. ಏನು ತಗೊಂಡೆ? ಯಾರು ಕೊಟ್ರು?"

ಅವಳು ಕೈಯಲ್ಲಿದ್ದ ಅಂಗಿಯನ್ನು ನಿಧಾನವಾಗಿ ಹಿಂಡಿದಳು. ಅದನ್ನು ಆಗಲೇ ಹಿಂಡಿ ಆಗಿತ್ತು.

"ಸಮಿತಿಯವರು ಕೇಳಿದಾಗ ಅಳು ಬಂದಿರಲಿಲ್ಲ ಅಕ್ಕ" ಎಂದಳು. "ಅವರು ಹೊರಗಿನವರು ಅಂದ್ಕೊಂಡೆ."

"ನಾನು ಹೇಳಿದ್ದಲ್ಲ, ನಕ್ಷೆ ಹೇಳಿದ್ದು."

"ಹಾಗಾದ್ರೆ ನಿನ್ನ ನಕ್ಷೇನೇ ತಂಗಿ ಅಂತ ಕರ್ಕೋ."

ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಅಮ್ಮ ಅಡುಗೆಮನೆಯಿಂದ ಸೌಟು ಹಿಡಿದೇ ಬಂದು, "ಓದಿದ್ದು ಜಾಸ್ತಿಯಾಯ್ತು ನಿಂಗೆ" ಎಂದು ಹೇಳಿ ಹೋದಳು. ಅಮ್ಮನ ಮುಖ ಸಿಟ್ಟು ಬಂದಾಗ ಕೆಂಪಗಾಗುತ್ತದೆ, ಬರದಿದ್ದಾಗಲೂ ಕೆಂಪಗಿರುತ್ತದೆ. ಹಾಗಾಗಿ ಎಷ್ಟು ಸಿಟ್ಟು ಎಂದು ತಿಳಿಯಲಿಲ್ಲ.

ಮಾರ್ಚ್ 1

ಅವಳು ಫೋನು ಎತ್ತಲಿಲ್ಲ. ಬೇಡ. ನನಗೂ ಕೆಲಸವಿದೆ.

ಮಾರ್ಚ್ 2

ಎತ್ತಲಿಲ್ಲ.

ಮಾರ್ಚ್ 5

ಮತ್ತೊಮ್ಮೆ ಮಾಡುತ್ತೇನೆ, ಮೊದಲಿನಿಂದ. ಅವಳು ನಿರಪರಾಧಿ ಎಂದು ತೋರಿಸಲಿಕ್ಕಲ್ಲ. ತಂಗಿಯನ್ನು ಕಳ್ಳಿ ಎನ್ನುವ ಮುಂಚೆ ಪ್ರಯೋಗವನ್ನು ಎರಡು ಸಲ ಮಾಡುವುದು ವೈಜ್ಞಾನಿಕ ಶಿಸ್ತು, ಅಷ್ಟೆ.

ಸಹಾಯಕಿ ನನ್ನ ತೋಳು ನೋಡಿ ಸೂಜಿ ಕೆಳಗಿಟ್ಟಳು. "ಮೊಣಕೈ ಒಳಗೆಲ್ಲಾ ನೀಲಿಗಟ್ಟಿದೆ ಮೇಡಂ. ಇನ್ನು ಎರಡು ವಾರ ನಿಮ್ಮ ಕೈ ಮುಟ್ಟೋಲ್ಲ. ಬೇರೆ ಯಾರಾದ್ರೂ ಸಿಗ್ತಾರಾ ನೋಡಿ."

ಪಕ್ಕದ ರೂಮಿನ ಪ್ರೊಫೆಸರ್ ಸಿಕ್ಕರು. ಅವರದು ಕಿಣ್ವಗಳ ಅಧ್ಯಯನ, ನನ್ನದು ಹಿಮೋಗ್ಲೋಬಿನ್; ಫ್ರಿಜ್ ಮಾತ್ರ ಇಬ್ಬರದೂ ಒಂದೇ. ಆದ್ದರಿಂದ ನಮ್ಮದು ಶೀತಲ ಸಮರ.

"ರಕ್ತ ಬೇಕಿತ್ತು" ಎಂದೆ.

"ಇಷ್ಟು ವರ್ಷ ಹೀರಿದ್ದು ಸಾಲ್ದಾ?" ಎಂದು ತೋಳು ಮಡಚಿದರು. ಜಗಳಗಂಟರಾದರೂ ಕೊಡುಗೈ.

ಮಾರ್ಚ್ 8

ಪಾಪ, ಪ್ರೊಫೆಸರ್!

ಅವರ ರಕ್ತಕ್ಕೆ ಯಂತ್ರ ಇಪ್ಪತ್ತಾರು ತೋರಿಸಿತು. ಎಂಟು ಸೇರಿದರೆ ಮೂವತ್ತನಾಲ್ಕು. ಹಿಡಿತ ತೀರ ಸಡಿಲ. ನಾನು ಇಷ್ಟು ವರ್ಷ ರಕ್ತಹೀನತೆಯ ರೋಗಿಗಳಲ್ಲಿ ಕಾಣುತ್ತ ಬಂದದ್ದೇ ಇದು. ಅಣುವಿನ ನಾಲ್ಕು ಸರಪಳಿಗಳು ಕೂಡುವ ಒಂದು ಕೀಲಿನಲ್ಲಿ ರೋಗಿಗಳೆಲ್ಲರ ನಕ್ಷೆಯೂ ನನ್ನದಕ್ಕಿಂತ ಬೇರೆ ಇರುತ್ತದೆ. ಅದಕ್ಕೆ 'ಸಡಿಲ ಕೀಲು' ಎಂದು ಹೆಸರಿಟ್ಟವಳು ನಾನೇ. ಜೂನ್‌ನಲ್ಲಿ ನಾನು ವಿಭಾಗದ ಮುಖ್ಯಸ್ಥೆಯಾಗಲಿರುವುದೂ ಆ ಕೀಲಿನ ಬಲದಿಂದಲೇ.

ಫ್ರಿಜ್ಜಿನ ಹತ್ತಿರ ಮೆಲ್ಲಗೆ ಹೇಳಿದೆ. "ಗಾಬರಿ ಬೇಡ ಸಾರ್. ನಿಮ್ಮ ಹಿಮೋಗ್ಲೋಬಿನ್ ಸ್ವಲ್ಪ ಸಡಿಲ."

"ಎಷ್ಟು ದಿನ ಇದೆ ಅಂತ ನೇರವಾಗಿ ಹೇಳಿಬಿಡಿ."

"ಅಂಥದ್ದೇನಿಲ್ಲ. ಆಯಾಸ ಆಗುತ್ತಾ?"

"ಆಗುತ್ತೆ. ನಿಮ್ಮ ಜೊತೆ ಮಾತಾಡಿದ ಮೇಲೆ."

ಆದರೂ ಮಧ್ಯಾಹ್ನ ರಜೆ ಹಾಕಿ ಮನೆಗೆ ಹೋದರು. ನಾವು ಕಿತ್ತಾಡುತ್ತಿದ್ದ ಫ್ರಿಜ್ಜಿನ ಮೇಲಿನ ಖಾನೆಯನ್ನೂ ನನಗೆ ಬಿಟ್ಟುಕೊಟ್ಟು ಹೋದರು.

ಅವರು ರೋಗಿಯಾದ್ದರಿಂದ ಹೋಲಿಕೆಗೆ ಬಾರರು. ಬೇರೆ ಆರೋಗ್ಯವಂತರನ್ನು ಹುಡುಕಬೇಕು.

ಮಾರ್ಚ್ 10

ಸಹಾಯಕಿ: ಮೂವತ್ತನಾಲ್ಕು. ಗ್ರಂಥಾಲಯದಾಕೆ: ಮೂವತ್ತಮೂರು. ಗೇಟಿನ ಕಾವಲುಗಾರ, ಎಂಟು ತಾಸು ನಿಂತೇ ಇರುವ ಭೀಮ: ಮೂವತ್ತನಾಲ್ಕು. ಕಟ್ಟಡಕ್ಕೆ ಕಟ್ಟಡವೇ ರೋಗಗ್ರಸ್ತ. ನೆಟ್ಟಗಿರುವವರು ಇಬ್ಬರೇ, ನಾನು ಮತ್ತು ನನ್ನ ತಂಗಿ.

ನೀರಿನಲ್ಲೇನೋ ಇದೆ, ಇಲ್ಲವೇ ಗೋಡೆಗೆ ಬಳಿದ ಬಣ್ಣದ ವಾಸನೆ ಎಂದು ಪ್ರೊಫೆಸರಿಗೆ ವಿವರಿಸುತ್ತಿದ್ದೆ. ಅವರು ಇವತ್ತು ಕಂಬಳಿ ಹೊದ್ದು ಕೆಲಸಕ್ಕೆ ಬಂದಿದ್ದರು. ಕೇಳಿಸಿಕೊಳ್ಳುತ್ತ ಕೇಳಿಸಿಕೊಳ್ಳುತ್ತ ಕಂಬಳಿ ತೆಗೆದು ಕುರ್ಚಿಯ ಬೆನ್ನಿಗೆ ಹಾಕಿದರು.

"ಮೇಡಂ, ಎಲ್ಲರಿಗೂ ಒಂದೇ ರೋಗ ಇದ್ರೆ ಅದಕ್ಕೆ ರೋಗ ಅನ್ನಲ್ಲ. ಜನ ಅಂತಾರೆ."

"ಹಾಗಂದ್ರೆ?"

"ಆ ಯಂತ್ರ ತಂದ ದಿನ ಯಾರ ರಕ್ತ ಹಾಕಿ ಅಳೆದಿರಿ?"

ಮಾರ್ಚ್ 11

ಅಂದು ಹಾಕಿ ಅಳೆದದ್ದು ನನ್ನದೇ ರಕ್ತ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. ಚೀಟಿ ಕಿತ್ತೆ. ಹನ್ನೊಂದು ವರ್ಷದ ಅಂಟು, ಬಣ್ಣವನ್ನೂ ಕಿತ್ತುಕೊಂಡು ಬಂತು.

ಮಾರ್ಚ್ 13

ಆಸ್ಪತ್ರೆಗೆ ಹೋಗಿ ನನ್ನ ಕೆಂಪು ಕಣಗಳ ಎಣಿಕೆ ಮಾಡಿಸಿದೆ. ರಕ್ತದ ಮೇಲೆ ಇಷ್ಟು ಪುಟ ಬರೆದವಳು ಈ ಸಾದಾ ಪರೀಕ್ಷೆ ಮಾಡಿಸಿಕೊಂಡಿರಲೇ ಇಲ್ಲ. ಲ್ಯಾಬಿನಲ್ಲಿ ನಾವು ಕಣಗಳನ್ನು ಒಡೆಯುತ್ತೇವೆ, ಎಣಿಸುವುದಿಲ್ಲ.

ಡಾಕ್ಟರು ಕಾಗದ ನೋಡಿ ನನ್ನನ್ನು ಮೇಲಿನಿಂದ ಕೆಳಗೆ ನೋಡಿದರು. "ನೀವೇನಾದ್ರೂ ಓಡ್ತೀರಾ?"

"ಮನೆಗೆಲಸ ಕಂಡ್ರೆ."

ಚಿಕ್ಕಿಯದಕ್ಕಿಂತ ಒಂದು ಕೂದಲೆಳೆ ಹೆಚ್ಚೇ ಇದೆ.

ಅವಳಿಗೆ ಫೋನು ಮಾಡಿದೆ. ಎತ್ತಲಿಲ್ಲ. ಎತ್ತಿದ್ದರೆ ಏನು ಹೇಳುತ್ತಿದ್ದೆನೋ ನನಗೂ ಗೊತ್ತಿಲ್ಲ. ಅಮ್ಮನಿಗೆ ಮಾಡಿ, "ನಿನ್ನ ರಕ್ತ ಬೇಕು" ಎಂದೆ.

"ಒಬ್ಬಳಿಗೆ ಒಂಬತ್ತು ತಿಂಗಳು ಕೊಟ್ಟೆ, ಇನ್ನೊಬ್ಬಳಿಗೆ ಒಂಬತ್ತು ತಿಂಗಳು ಕೊಟ್ಟೆ. ಇನ್ನೂ ಬಾಕಿ ಇದೆಯಾ?" ಎಂದಳು. ನಾಳೆ ಮೊದಲ ಬಸ್ಸಿಗೇ ಬರುತ್ತಾಳಂತೆ.

ಮಾರ್ಚ್ 24

ಅಮ್ಮ: ಹದಿನೆಂಟು. ಏನನ್ನೂ ಸೇರಿಸದೆ.

ಇವತ್ತು ಹೊಸ ನಕ್ಷೆ. ಚಿಕ್ಕಿಯದರಿಂದ ಪ್ರೊಫೆಸರರದನ್ನು ಕಳೆದೆ. ಪರದೆಯ ಮೇಲೆ ಒಂದು ಉಬ್ಬು ಎದ್ದು ನಿಂತಿದೆ, ಅದೇ ಕೀಲಿನಲ್ಲಿ. ಪೂರ್ತಿ ಎತ್ತರವಲ್ಲ, ಅರ್ಧ. ಇರಬೇಕಾದ್ದೂ ಅರ್ಧವೇ; ಅಮ್ಮನ ಪಾಲು ಹೀಗಿದೆ, ಈಗಿಲ್ಲದ ಅಪ್ಪನ ಪಾಲು ನೆಟ್ಟಗಿತ್ತು. ಒಂದು ಅಮೈನೋ ಆಮ್ಲದ ಜಾಗದಲ್ಲಿ ಅದಕ್ಕಿಂತ ದಪ್ಪದ್ದೊಂದು ಬಂದು ಕೂತಿದೆ. ಕೀಲು ಸಲೀಸಾಗಿ ಮಡಚದು, ಮಡಚದೆ ಆಮ್ಲಜನಕ ಇಳಿಯದು. ನಮ್ಮದು ಜಿಪುಣ ಹಿಮೋಗ್ಲೋಬಿನ್. ಮೈ ಅದಕ್ಕೆ ಪರಿಹಾರವಾಗಿ ಕಣ ಹೆಚ್ಚಿಸಿಕೊಂಡಿದೆ. ಒಂದು ಕೈಯಲ್ಲಿ ಕಳೆದದ್ದನ್ನು ಇನ್ನೊಂದು ಕೈಯಲ್ಲಿ ತುಂಬಿಕೊಂಡದ್ದು. ಇದರಲ್ಲಿ ಚಿಕ್ಕಿಗೆ ಲಾಭವೂ ಇಲ್ಲ, ಮೋಸವೂ ಇಲ್ಲ.

ಕೂಗಿದೆನೋ ಏನೋ, ಪ್ರೊಫೆಸರ್ ಓಡಿ ಬಂದರು. ಇಬ್ಬರೂ ಉಬ್ಬು ನೋಡಿ ಉಬ್ಬಿದೆವು. ಆಮೇಲೆ ಅವರೇ ಮೆಲ್ಲಗೆ ಕೇಳಿದರು.

"ನಿಮ್ಮ ಸಡಿಲ ಕೀಲು ಇರೋದೂ ಇದೇ ಜಾಗದಲ್ಲಿ ಅಲ್ವಾ?"

ಇದೇ ಜಾಗ. ನನ್ನ ರೋಗಿಗಳ ಕೀಲು ಸಡಿಲವಾಗಿರಲಿಲ್ಲ. ನನ್ನದು ಬಿಗಿಯಾಗಿತ್ತು. ಹನ್ನೊಂದು ವರ್ಷ ನಾನು ಬರೆದದ್ದು ರೋಗಿಗಳ ವಿಷಯವಲ್ಲ, ತಲೆಕೆಳಗಾಗಿ ನಿಂತ ಆತ್ಮಕಥೆ.

ಮಾರ್ಚ್ 25

ನಿರ್ದೇಶಕರ ಕೋಣೆಗೆ ಹೋಗಿ ಎಲ್ಲ ಹೇಳಿದೆ. ಅವರು ಕನ್ನಡಕ ಒರೆಸಿದರು, ಮತ್ತೊಮ್ಮೆ ಒರೆಸಿದರು.

"ಎರಡೂ ಬೇರೆ ಬೇರೆ ವಿಷಯ ಅಮ್ಮ. ತಂಗಿ ರಕ್ತ, ಪ್ರೊಫೆಸರ್ ರಕ್ತ, ಆ ಉಬ್ಬು, ಇಷ್ಟನ್ನ ಸಮಿತಿಗೆ ಕೊಡಿ. ನಿಮ್ಮ ರಕ್ತದ ಸುದ್ದಿ ಯಾಕೆ?"

"ಹುಟ್ಟಿನಿಂದ ಬಂದದ್ದು ಅಂತ ನಂಬಿಸಬೇಕಾದ್ರೆ ಮನೆಯವರನ್ನ ತೋರಿಸಬೇಕು ಸಾರ್."

"ತಾಯಿಯನ್ನ ತೋರಿಸಿ."

"ತಾಯಿಗೆ ವಯಸ್ಸಾಗಿದೆ, ವಯಸ್ಸಿಂದ ಕಣ ಹೆಚ್ಚಾಗಿದೆ ಅಂತಾರೆ. ಜೀವಮಾನದಲ್ಲಿ ಓಡದ, ಔಷಧ ಮುಟ್ಟದ, ಅದೇ ಮನೆಯ ಇನ್ನೊಂದು ಹೆಣ್ಣು ಬೇಕು. ನನಗಿಂತ ಕಡಿಮೆ ಓಡಿದವರು ಇನ್ನು ಹಾಸಿಗೆ ಹಿಡಿದವರೇ."

"ನೀವು ಎದ್ದು ನಿಂತ ಕೂಡಲೇ, ಇಷ್ಟು ವರ್ಷ ನಿಮ್ಮ ಪ್ರಬಂಧಗಳಲ್ಲಿ 'ಆರೋಗ್ಯವಂತ ರಕ್ತ' ಯಾರದು ಅಂತ ಕೇಳ್ತಾರೆ."

"ಕೇಳಲಿ."

"ಜೂನ್‌ನಲ್ಲಿ ನಿಮಗೆ ಬರಬೇಕಾದ್ದು ಬರೋದಿಲ್ಲ."

"ಅದು ಬರಬೇಕಾದ್ದಲ್ಲ ಸಾರ್. ಎಂಟು ಸೇರಿಸಿದ್ದರಿಂದ ಬಂದದ್ದು."

ಇಷ್ಟು ಚುರುಕಾದ ಮಾತು ಆಡಿದೆನೆಂಬ ಹೆಮ್ಮೆ ಮೆಟ್ಟಿಲವರೆಗೆ ಇತ್ತು. ಮೆಟ್ಟಿಲಿನಲ್ಲಿ ಕೂತೆ. ಎದ್ದೆ.

ಮಾರ್ಚ್ 28

ಏಳು ವಿಜ್ಞಾನ ಪತ್ರಿಕೆಗಳಿಗೆ ಬರೆದೆ. ಆರರಲ್ಲಿ ತಿದ್ದುಪಡಿ ಸಾಕು, 'ಸಡಿಲ ಕೀಲು' ಬಂದ ದೊಡ್ಡ ಪತ್ರಿಕೆಯಿಂದ ಪ್ರಬಂಧವನ್ನೇ ವಾಪಸು ತೆಗೆಯಬೇಕು. ಪ್ರೊಫೆಸರ್ ವಾಕ್ಯ ತಿದ್ದಿಕೊಟ್ಟರು. ನಾನು ಮೂರು ಕಡೆ 'ದುರದೃಷ್ಟವಶಾತ್' ಎಂದು ಬರೆದಿದ್ದೆ. ಎರಡನ್ನು ಹೊಡೆದು, "ದುರದೃಷ್ಟ ಒಂದೇ ಸಲ ಆಗಿದ್ದು" ಎಂದರು.

ಬೆಳಿಗ್ಗೆ ಮೈದಾನದ ಕಡೆಯಿಂದ ಬಂದೆ. ದಾರಿ ಸುತ್ತಾದರೂ ಗಾಳಿ ಚೆನ್ನಾಗಿರುತ್ತದೆ. ಅಮಾನತಾದವರಿಗೆ ಒಳಗೆ ಪ್ರವೇಶವಿಲ್ಲ. ಚಿಕ್ಕಿ ಬೇಲಿಯ ಹೊರಗೆ ಕಾಲುದಾರಿಯಲ್ಲಿ ಓಡುತ್ತಿದ್ದಳು. ಒಂದು ಸುತ್ತಿಗೆ ಒಂದೂವರೆ ನಿಮಿಷ. ಮಣ್ಣಿನ ಮೇಲೆ, ಒಬ್ಬಳೇ ಓಡುವಾಗ ಅದು ಕಡಿಮೆಯೇನಲ್ಲ. ಎಂಟು ಸುತ್ತು ನೋಡಿ, ಅವಳಿಗೆ ಕಾಣದಂತೆ ಬಂದೆ.

ಏಪ್ರಿಲ್ 3

ವಿಚಾರಣೆ. ಉದ್ದನೆಯ ಮೇಜು, ಆ ಕಡೆ ಮೂವರು, ಈ ಕಡೆ ಚಿಕ್ಕಿ, ವಕೀಲರು, ನಾನು. ಸಾಕ್ಷಿ ಹೇಳಲಿರುವವಳು ನಾನೆಂದು ವಕೀಲರು ಅವಳಿಗೆ ತಿಳಿಸಿದ್ದರಂತೆ. ಅವಳು ಗೋಡೆಯ ಗಡಿಯಾರ ನೋಡುತ್ತಿದ್ದಳು.

ನಕ್ಷೆ ತೋರಿಸಿದೆ, ಉಬ್ಬು ತೋರಿಸಿದೆ, ಅಮ್ಮನ ಅಂಕೆ ತೋರಿಸಿದೆ, ನನ್ನದು ತೋರಿಸಿದೆ. ನಿರ್ದೇಶಕರು ಹೇಳಿದ್ದ ಪ್ರಶ್ನೆಯೇ ಬಂತು. ಹೌದು, ಹನ್ನೊಂದು ವರ್ಷ ಇದೇ ರಕ್ತವನ್ನು ಆರೋಗ್ಯವಂತರದೆಂದು ಬಳಸಿದ್ದೇನೆ. ಏಳು ಪ್ರಬಂಧ ತಪ್ಪು. ಪತ್ರಿಕೆಗಳಿಗೆ ತಿಳಿಸಿದ್ದೇನೆ ಎಂದೆ. ಗಡಿಯಾರ ನೋಡುತ್ತಿದ್ದವಳು ಕತ್ತು ತಿರುಗಿಸಿದ್ದು ಕಂಡಿತು.

ಸಮಿತಿಯ ಡಾಕ್ಟರಿಗೆ ಇನ್ನೂ ಅನುಮಾನ. "ಹುಟ್ಟಿನಿಂದ ಬಂದಿದ್ದು, ಒಪ್ಪಿದೆ. ಆದರೆ ಲಾಭ ಇಲ್ಲ ಅಂತೀರಿ. ಇಷ್ಟು ಕಣ ಇರೋರಿಗೆ ಲಾಭ ಇಲ್ಲದೆ ಇರುತ್ತಾ?"

"ನನ್ನನ್ನೇ ಓಡಿಸಿ ನೋಡಿ" ಎಂದೆ. ಬಾಯಿ ನನ್ನದೇ. ಏನು ಮಾಡಲಿ?

ಪಕ್ಕದ ಕೋಣೆಯಲ್ಲಿ ಟ್ರೆಡ್‌ಮಿಲ್ ಇತ್ತು. ಎದೆಗೆ ತಂತಿ ಅಂಟಿಸಿದರು. ಬೂಟು ಇರಲಿಲ್ಲ, ಬರಿಗಾಲು. ಮೊದಲ ನಿಮಿಷ ನಡಿಗೆ, ಗಂಭೀರವಾಗಿಯೇ ಇದ್ದೆ. ಎರಡನೆಯದರಲ್ಲಿ ಪಟ್ಟಿ ವೇಗ ಹೆಚ್ಚಿಸಿತು. ಮೂರನೆಯದರಲ್ಲಿ ನೆಲವೇ ನನ್ನಿಂದ ತಪ್ಪಿಸಿಕೊಂಡು ಓಡುತ್ತಿತ್ತು. ಕನ್ನಡಕ ಜಾರಿತು. ಯಾರೋ ಹಿಡಿದುಕೊಂಡರು.

"ಮೂಗಲ್ಲಿ ತಗೋ, ಬಾಯಲ್ಲಿ ಬಿಡು" ಎಂದಿತು ಒಂದು ದನಿ. "ಭುಜ ಇಳಿಸು. ಕಂಬಿ ಹಿಡೀಬೇಡ ಅಕ್ಕ. ಮುಂದೆ ನೋಡು, ಕಾಲು ನೋಡ್ಬೇಡ."

"ಸಾಯ್ತೀನಿ."

"ಸಾಯಲ್ಲ. ಮಾತಾಡೋಕೆ ಉಸಿರಿದೆಯಲ್ಲ. ಇನ್ನು ಸ್ವಲ್ಪ. ಬಿಡು ಉಸಿರು. ಬಿಡು."

ಐದನೆಯ ನಿಮಿಷ ಮುಗಿಯುವ ಮುಂಚೆ ಡಾಕ್ಟರೇ ಗುಂಡಿ ಒತ್ತಿ ನಿಲ್ಲಿಸಿದರು. ತೆರೆಯ ಮೇಲಿನ ಅಂಕಿಗಳನ್ನು ನೋಡಿದರು. "ಇದು ಸರಾಸರಿಗಿಂತ ಕೆಳಗಿದೆ" ಎಂದರು. ನನ್ನ ಬಗ್ಗೆ ಒಬ್ಬ ತಜ್ಞರು ಹೇಳಿದ ಮಾತುಗಳಲ್ಲಿ ಇಷ್ಟು ಹಿತವಾದದ್ದನ್ನು ನಾನು ಕೇಳಿಲ್ಲ. ಚಿಕ್ಕಿ ನನ್ನ ಬೆನ್ನಿಗೆ ಕೈಯಿಟ್ಟು ನೆಲದ ಮೇಲೆ ಕೂರಿಸಿದಳು. ಕನ್ನಡಕವನ್ನು ತನ್ನ ಅಂಗಿಯ ತುದಿಯಿಂದ ಒರೆಸಿ ನನ್ನ ಮೂಗಿನ ಮೇಲೆ ಕೂರಿಸಿದಳು.  

ಏಪ್ರಿಲ್ 11

ಅಮಾನತು ರದ್ದು. ಪತ್ರಿಕೆಯಲ್ಲಿ ಒಳಪುಟದ ಮೂಲೆಯಲ್ಲಿ ನಾಲ್ಕು ಸಾಲು.

ದೊಡ್ಡ ವಿಜ್ಞಾನ ಪತ್ರಿಕೆ ಪ್ರಬಂಧವನ್ನು ಹಿಂದಕ್ಕೆ ಪಡೆದಿದೆ. ಮುಖ್ಯಸ್ಥರ ಹುದ್ದೆಗೆ ಪ್ರೊಫೆಸರರನ್ನು ಕೇಳಿದ್ದಾರೆ. ಅವರು ಬಂದು ಹೇಳುವಾಗ ನಾಚಿಕೊಂಡಿದ್ದರು. ಒಪ್ಪಿಕೊಳ್ಳಿ, ಆದರೆ ಫ್ರಿಜ್ಜಿನ ಮೇಲಿನ ಖಾನೆ ವಾಪಸು ಕೊಡುವುದಿಲ್ಲ ಎಂದೆ. ನಾಳೆಯಿಂದ ಹಳೆಯ ಮಾದರಿಗಳನ್ನೆಲ್ಲ ಮತ್ತೆ ಅಳೆಯಬೇಕು. ಎರಡು ವರ್ಷದ ಕೆಲಸ. ಆಗಲಿ. ಆ ರೋಗಿಗಳ ರಕ್ತಹೀನತೆಗೆ ನಿಜವಾದ ಕಾರಣ ಅದರಲ್ಲೇ ಎಲ್ಲೋ ಇದೆ, ನಾನಿನ್ನೂ ಅದರ ಮುಖ ನೋಡಿಲ್ಲ.

ಸಂಜೆ ಅಮ್ಮನ ಮನೆಯಲ್ಲಿ ಊಟ. ಸಂತೋಷದ ಮನೆ ಹೀಗಿರುವುದಿಲ್ಲ. ಚಿಕ್ಕಿ ತಟ್ಟೆಯಲ್ಲಿ ಬೆರಳಾಡಿಸುತ್ತಿದ್ದಳು.

"ಏನೇ?" ಎಂದೆ.

"ನನ್ನ ರಕ್ತ ಎಲ್ಲರ ಹಾಗಿಲ್ಲ ಅಂತ ಈಗ ಇಡೀ ಊರಿಗೆ ಗೊತ್ತು. ನಾಳೆ ಗೆದ್ದರೆ ಅದು ಗೆದ್ದಿತು ಅಂತಾರೆ. ನಂಗೂ ಹಾಗೇ ಅನ್ಸುತ್ತೆ. ಇಷ್ಟು ವರ್ಷ ಓಡಿದ್ದು ನಾನಾ, ಅದಾ?"

ಹಿಮೋಗ್ಲೋಬಿನ್ ಬಗ್ಗೆ ಮುಕ್ಕಾಲು ಗಂಟೆಯ ಉತ್ತರ ನನ್ನ ಹತ್ತಿರ ಸಿದ್ಧವಿತ್ತು. ಬಿಟ್ಟೆ.

"ಅದೇ ರಕ್ತ ಮೊನ್ನೆ ನಿನ್ನ ಕಣ್ಣೆದುರೇ ಓಡಿತಲ್ಲ" ಎಂದೆ. "ನೀನೇ ಪಕ್ಕದಲ್ಲಿ ನಿಂತಿದ್ದೆ. ಎಷ್ಟು ದೂರ ಹೋಯ್ತು?"

ಅಮ್ಮ ಮೊದಲು ನಕ್ಕಳು. ಚಿಕ್ಕಿ ತಡೆದುಕೊಳ್ಳಲು ನೋಡಿದಳು, ಆಗಲಿಲ್ಲ. ಕೆಮ್ಮು ಬಂದು ನೀರು ಕುಡಿಯಬೇಕಾಯಿತು. ಆಮೇಲೆ ತಟ್ಟೆ ಮುಂದಕ್ಕೆ ಚಾಚಿ, "ಇನ್ನೂ ಸ್ವಲ್ಪ ಬಡಿಸಮ್ಮ, ನಾಳೆ ಇಪ್ಪತ್ತೈದು ಸುತ್ತಿದೆ" ಎಂದಳು.

ಬೇಗ ಮಲಗಬೇಕು. ಮೈದಾನದಲ್ಲಿ ಸುತ್ತು ಎಣಿಸಲು ಒಬ್ಬರು ಬೇಕಂತೆ, ಬೆಳಿಗ್ಗೆ ಐದೂವರೆಗೆ.